ಗಿಲೀಟಿನ ಹಿಂಬದಿ

ಹಳೆಯ ಗಿಲೀಟಿನ ಒಡವೆ ಕೈಗೆ ಸಿಕ್ಕಿದರೆ ನಾನು ಮೊದಲು ಅದನ್ನು ಮಗುಚುತ್ತೇನೆ. ಮುಂಬದಿ ಹುಟ್ಟಿದ್ದೇ ಮರುಳು ಮಾಡುವುದಕ್ಕೆ. ಯಾವ ಕಾಲದ್ದು, ಹರಳು ಉದುರಿದ ಮೇಲೆ ಮತ್ತೆ ಕೂರಿಸಿದ್ದಾರೆಯೇ, ಇನ್ನೂ ಎಷ್ಟು ದಿನ ಬಾಳೀತು ಎನ್ನುವುದೆಲ್ಲ ಹಿಂಬದಿಯಲ್ಲಿ ಬರೆದಿರುತ್ತದೆ. ನಾನು ಸಂಗ್ರಹಿಸುವುದು ತೊಡುವುದಕ್ಕೆ, ಕಪಾಟಿನಲ್ಲಿ ಮೆರೆಸುವುದಕ್ಕಲ್ಲ. ಆದ್ದರಿಂದ ಸೂಜಿ ಅಲುಗಾಡುವ ಬ್ರೂಚನ್ನು (ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆ), ಎಂಥ ದೊಡ್ಡ ಹೆಸರಿನ ಮುದ್ರೆಯಿದ್ದರೂ, ಇದ್ದಲ್ಲೇ ಇಟ್ಟು ಬರುತ್ತೇನೆ.

ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸದಾ ಇರುತ್ತದೆ. ಮೊದಲು ಕೊಂಡಿ. ಬರಿಯ ಬಾಗಿದ ತಂತಿಗೆ ಸೂಜಿ ಸಿಕ್ಕಿಕೊಳ್ಳುವಂತಿದ್ದು, ಸೂಜಿಯ ತುದಿ ಒಡವೆಯ ಅಂಚನ್ನೂ ದಾಟಿ ಚಾಚಿದ್ದರೆ ಬಹುಶಃ ಅದು ಇಪ್ಪತ್ತನೆಯ ಶತಮಾನದ ಆರಂಭದ್ದೋ ಅದಕ್ಕೂ ಹಿಂದಿನದೋ ಇದ್ದೀತು. ಹೊರಳಿಸಿ ಮುಚ್ಚುವ ಭದ್ರವಾದ ಕೊಂಡಿ ಆಮೇಲಿನದು. ಓಲೆಗಳಲ್ಲಿ ತಿರುಪಿನವು ಹಳೆಯವು. ಕ್ಲಿಪ್ಪಿನವು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಆದರೆ ಕೊಂಡಿಯೊಂದನ್ನೇ ನಂಬುವಂತಿಲ್ಲ. ಅದರ ಬುಡದಲ್ಲಿ ಬೂದು ಬಣ್ಣದ ಬೆಸುಗೆಯ ಗಂಟು ಕಂಡರೆ ಯಾರೋ ನಡುವೆ ರಿಪೇರಿ ಮಾಡಿದ್ದಾರೆಂದೇ ಅರ್ಥ.

ಆಮೇಲೆ ಮುದ್ರೆ. ಅಮೆರಿಕದ ಟ್ರಿಫಾರಿ ಕಂಪನಿ 'ಟಿ' ಅಕ್ಷರದ ತಲೆಗೆ ಕಿರೀಟ ತೊಡಿಸಿ ಒತ್ತುತ್ತಿತ್ತು. ಕೃತಿಸ್ವಾಮ್ಯದ ಗುರುತೂ ಜೊತೆಗಿದ್ದರೆ ಅದು ಸಾಮಾನ್ಯವಾಗಿ 1955ರಿಂದ ಈಚಿನದು. ಟ್ರಿಫಾರಿ ಹೂಡಿದ್ದ ದಾವೆಯಲ್ಲಿ ಗಿಲೀಟಿನ ವಿನ್ಯಾಸಕ್ಕೂ ಕೃತಿಸ್ವಾಮ್ಯ ಸಲ್ಲುತ್ತದೆಂದು ಅಲ್ಲಿನ ನ್ಯಾಯಾಲಯ ಆ ವರ್ಷ ಹೇಳಿತು, ಉಳಿದ ಕಂಪನಿಗಳೂ ಆ ಗುರುತಿಗೆ ಮುಗಿಬಿದ್ದವು. ಇನ್ನು ಗಿಲೀಟಿನ ಬೆನ್ನ ಮೇಲೆ 'ಸ್ಟರ್ಲಿಂಗ್', ಅಂದರೆ ಅಸಲಿ ಬೆಳ್ಳಿ, ಎಂದಿದ್ದರೆ ನನಗೆ ನಗು ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಗ್ಗದ ಲೋಹಗಳೆಲ್ಲ ಸೇನೆಗೆ ಮೀಸಲಾದವು; ಬೇರೆ ದಾರಿ ಕಾಣದೆ ತಯಾರಕರು ಬೆಳ್ಳಿಗೆ ಚಿನ್ನದ ನೀರು ಹಾಯಿಸಿ ಮಾರಿದರು. ಕೊರತೆಯ ಕಾಲದಲ್ಲೇ ನಕಲಿ ಒಡವೆ ಅಸಲಿಗೆ ಹತ್ತಿರವಾಯಿತು.

ಮುದ್ರೆಯಿಲ್ಲ ಎಂದ ಮಾತ್ರಕ್ಕೆ ಕೈಬಿಡುವುದಿಲ್ಲ. ಅಮೆರಿಕದ ಒಡವೆ ವಿನ್ಯಾಸಕಿ ಮಿರಿಯಮ್ ಹ್ಯಾಸ್ಕೆಲ್ ಅವರ ಆರಂಭದ ಒಡವೆಗಳಲ್ಲಿ ಹೆಸರೇ ಇರುತ್ತಿರಲಿಲ್ಲ. ತೂತುಗಳಿರುವ ಲೋಹದ ತಟ್ಟೆಗೆ ಸಣ್ಣ ಮಣಿಗಳನ್ನು ಒಂದೊಂದಾಗಿ ತಂತಿಯಿಂದ ಹೊಲಿದಂತಿರುವ ಕೆಲಸ ನೋಡಿದರೆ ಸಾಕು, ಕೈ ಪಳಗಿದವರದೆಂದು ಗೊತ್ತಾಗುತ್ತದೆ. ಯಾರದೆಂದು ಗೊತ್ತಾಗದಿದ್ದರೂ ನನಗೆ ಚಿಂತೆಯಿಲ್ಲ, ಕೆಲಸ ಚೆನ್ನಾಗಿದ್ದರೆ ಆಯಿತು.

ಹರಳುಗಳದು ಬೇರೆಯೇ ಕಥೆ. ಈ ಗಾಜಿನ ಹರಳುಗಳಲ್ಲಿ ಬಹುಪಾಲಿಗೆ ಹಿಂದೆ ಬೇಗಡೆ ಇರುತ್ತದೆ. ಮಿಂಚು ಬರುವುದು ಅದರಿಂದ. ಅದರೊಳಗೆ ನೀರು ಇಳಿಯಿತೋ, ಬೇಗಡೆ ಕರಗಿ ಹರಳು ಹಳದಿ ಇಲ್ಲವೇ ಬೂದು ಬಣ್ಣಕ್ಕೆ ತಿರುಗಿ ಸತ್ತುಹೋಗುತ್ತದೆ. ಹಾಗಾಗಿ ಒಡವೆಯನ್ನು ನೀರಿನಲ್ಲಿ ಅದ್ದುವ ಮಾತೇ ಇಲ್ಲ. ಒಣ ಕುಂಚದಿಂದ ಧೂಳು ತೆಗೆದು, ನೀರು ಸೋಕಿಸಿ ಹಿಂಡಿದ ಹತ್ತಿಯ ಕಡ್ಡಿಯಿಂದ ಲೋಹವನ್ನಷ್ಟೇ ಒರೆಸಿ, ಒಡವೆಯನ್ನು ಬೋರಲು ಹಾಕಿ ಒಣಗಿಸುತ್ತೇನೆ. ಕಾಮನಬಿಲ್ಲಿನ ಬಣ್ಣ ಹೊಳೆಯುವ ಹರಳು ಕಂಡರೆ ಮಾರುವವರು '1930ರದ್ದು' ಎಂದು ಆಣೆ ಇಟ್ಟರೂ ನಂಬುವುದಿಲ್ಲ. ಆಸ್ಟ್ರಿಯಾದ ಹರಳು ತಯಾರಕ ಸ್ವರೋವ್‌ಸ್ಕಿ ಮತ್ತು ಪ್ಯಾರಿಸ್‌ನ ಫ್ಯಾಷನ್ ಸಂಸ್ಥೆ ಡಿಯೋರ್ ಸೇರಿ ಆ ಲೇಪನವನ್ನು ತಂದದ್ದು 1950ರ ದಶಕದ ನಡುವೆ.

ಹರಳು ಉದುರಿದ ಗೂಡನ್ನು ತುಂಬುವುದು ನನ್ನ ಅಚ್ಚುಮೆಚ್ಚಿನ ಕೆಲಸ. ಮೊದಲು ಹಲ್ಲುಕಡ್ಡಿಯಿಂದ ಹಳೆಯ ಅಂಟನ್ನು ಕೆರೆದು ತೆಗೆಯಬೇಕು, ಇಲ್ಲವಾದರೆ ಹೊಸ ಹರಳು ಓರೆಯಾಗಿ ಕೂರುತ್ತದೆ. ಇನ್ನೊಂದು ಕಡ್ಡಿಯ ತುದಿಗೆ ಚೂರು ಮೇಣ ಮೆತ್ತಿ ಅದರಲ್ಲಿ ಹರಳನ್ನು ಎತ್ತಿಕೊಳ್ಳುತ್ತೇನೆ. ಬೆರಳು ಇದಕ್ಕೆ ಬಲು ದಪ್ಪ. ಗೂಡಿನ ತಳಕ್ಕೆ ಸೂಜಿಮೊನೆಯಷ್ಟು ಒಡವೆಯ ಅಂಟು ಇಟ್ಟು, ಹರಳನ್ನು ಇಳಿಸಿ, ರಾತ್ರಿಯಿಡೀ ಮುಟ್ಟದೆ ಬಿಡುತ್ತೇನೆ. ಕ್ಷಣದಲ್ಲಿ ಹಿಡಿಯುವ ಅಂಟು ಬೇಡವೇ ಬೇಡ. ಅದರ ಆವಿ ಹರಳಿನ ಮೇಲೆ ಬಿಳಿಯ ಮಬ್ಬು ಕಟ್ಟುತ್ತದೆ.

ಹಸಿರು ಕಿಲುಬು ಹಿಡಿದದ್ದನ್ನು ಉಳಿದವುಗಳ ಜೊತೆ ಇಡುವುದಿಲ್ಲ. ವಿನೆಗರ್ ತಾಗಿಸಿದ ಹತ್ತಿಯ ಕಡ್ಡಿಯಿಂದ ತಿಕ್ಕಿ, ಒರೆಸಿ, ಚೆನ್ನಾಗಿ ಒಣಗಿಸುತ್ತೇನೆ. ಲೋಹವನ್ನೇ ತಿಂದಿದ್ದರೆ ಬಿಟ್ಟುಬಿಡುವುದೇ ಲೇಸು.

ಬೇಕಲೈಟ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಬಳೆಯನ್ನು ಮೂಗಿನಿಂದ ಗುರುತಿಸುತ್ತೇನೆ: ಬಿಸಿನೀರು ತಾಗಿಸಿದರೆ ಔಷಧದಂಥ ಕಟು ವಾಸನೆ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಇನ್ನೊಂದು ಹಳೆಯ ಪ್ಲಾಸ್ಟಿಕ್ಕು. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಹೇಳುವವರಿದ್ದಾರೆ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು, ಆ ಸಲಹೆಗೆ ಕಿವಿಗೊಡಬೇಡಿ.

ತೊಡುವಾಗ ನನ್ನದೊಂದು ಹಟ: ಒಂದೇ ವಿನ್ಯಾಸದ ಹಾರ, ಓಲೆ, ಕಡಗವನ್ನು ಒಟ್ಟಿಗೆ ಹಾಕುವುದಿಲ್ಲ. ಪೂರ್ತಿ ಸೆಟ್ ತೊಟ್ಟರೆ ನಾಟಕದ ವೇಷ ಕಟ್ಟಿದಂತೆ ಕಾಣುತ್ತದೆ. ಸಾದಾ ಬಟ್ಟೆಯ ಮೇಲೆ ಒಂದು ದೊಡ್ಡ ಬ್ರೂಚ್ ಸಾಕು. ಬಟ್ಟೆ ತೆಳುವಾಗಿದ್ದರೆ ಒಳಗಿನಿಂದ ಉಣ್ಣೆಯ ಫೆಲ್ಟ್ ತುಂಡೊಂದನ್ನು ಇಟ್ಟು ಎರಡಕ್ಕೂ ಸೇರಿಸಿ ಚುಚ್ಚುತ್ತೇನೆ, ಆಗ ಭಾರಕ್ಕೆ ಬಟ್ಟೆ ಜೋಲುವುದಿಲ್ಲ. ಸುಗಂಧ, ಕೂದಲಿನ ಸ್ಪ್ರೇ ಎಲ್ಲ ಮುಗಿದು ಆರಿದ ಮೇಲೆಯೇ ಒಡವೆಯ ಸರದಿ, ಮುಖ್ಯವಾಗಿ ಕೃತಕ ಮುತ್ತಿಗೆ. ಮನೆಗೆ ಬಂದೊಡನೆ ಮೆದು ಬಟ್ಟೆಯಿಂದ ಒರೆಸಿ, ಮುತ್ತಿನ ಸರವನ್ನು ನೇತುಹಾಕದೆ ಮಲಗಿಸಿ ಇಡುತ್ತೇನೆ. ಹಳೆಯ ಲೋಹದಲ್ಲಿ ಸೀಸ ಇರುವುದುಂಟು, ಹಾಗಾಗಿ ಚಿಕ್ಕ ಮಕ್ಕಳ ಕೈಗೆ, ಬಾಯಿಗೆ ಯಾವುದೂ ಸಿಗದಂತೆ ಡಬ್ಬಿಗಳು ಎತ್ತರದ ಅಟ್ಟಣಿಗೆಯಲ್ಲಿವೆ. ಸೆಲ್ಯುಲಾಯ್ಡ್‌ಗೆ ಮಾತ್ರ ಗಾಳಿಯಾಡುವ ಬೇರೆ ಪೆಟ್ಟಿಗೆ. ಮುಚ್ಚಿಟ್ಟರೆ ಅದು ತಾನೂ ಕೆಡುತ್ತದೆ, ಪಕ್ಕದ ಲೋಹವನ್ನೂ ಕೆಡಿಸುತ್ತದೆ.