ವೆಬ್ ಬರವಣಿಗೆಯಿಂದ ಆನ್‌ಲೈನ್ ಪಾಠ ರಚನೆಯತ್ತ

ಜಾಲತಾಣಗಳಿಗೆ ಬರೆದು ಪಳಗಿದವರಿಗೆ ಸರಳ ವಾಕ್ಯ, ಸ್ಪಷ್ಟ ಶೀರ್ಷಿಕೆ, ಓದುಗರ ಅರಿವು ಈಗಾಗಲೇ ಕರಗತವಾಗಿರುತ್ತವೆ. ಅವರು ಹೊಸದಾಗಿ ಕಲಿಯಬೇಕಾದದ್ದು, ಪಾಠ ಮುಗಿಸಿದವರು ಏನನ್ನು ಮಾಡಬಲ್ಲವರಾಗಬೇಕು ಎಂಬುದನ್ನು ಮೊದಲೇ ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಯೋಜಿಸುವ ಕ್ರಮವನ್ನು.

ನೀವೇ ಬರೆದ ಒಂದು ಲೇಖನವನ್ನು ಪಾಠವಾಗಿಸಿ ನೋಡಿ. ವಿಷಯ ಹನಿ ನೀರಾವರಿ ಎಂದಿಟ್ಟುಕೊಳ್ಳೋಣ. ‘ಹನಿ ನೀರಾವರಿಯನ್ನು ತಿಳಿಯುವುದು’ ಎಂಬ ಗುರಿಯನ್ನು ಅಳೆಯಲಾಗದು. ‘ನೀರುಣಿಸುವ ಅವಧಿಯನ್ನು ಲೆಕ್ಕ ಹಾಕುವುದು’ ಎಂಬುದನ್ನು ಅಳೆಯಬಹುದು. ಗಂಟೆಗೆ 4 ಲೀಟರ್ ಹನಿಸುವ 2 ಡ್ರಿಪ್ಪರ್‌ಗಳಿರುವ ಗಿಡಕ್ಕೆ 16 ಲೀಟರ್ ನೀರುಣಿಸಲು ಎಷ್ಟು ಹೊತ್ತು ಬೇಕೆಂದು ಕೇಳಿ. ಸರಿಯುತ್ತರ 2 ಗಂಟೆ. ಆಯ್ಕೆಗಳಲ್ಲಿ 4 ಗಂಟೆಯನ್ನೂ ಇಡಿ, ಏಕೆಂದರೆ ಅದನ್ನು ಆರಿಸಿದವರು ಬಹುತೇಕ ಎರಡನೆಯ ಡ್ರಿಪ್ಪರನ್ನು ಮರೆತಿರುತ್ತಾರೆ. ‘ತಪ್ಪು’ ಎಂದಷ್ಟೇ ಹೇಳದೆ ಆ ಮರೆವನ್ನೇ ತೋರಿಸಿಕೊಡುವ ಹಿಮ್ಮಾಹಿತಿಯನ್ನು ಬರೆಯುವುದೇ, ನನ್ನ ದೃಷ್ಟಿಯಲ್ಲಿ, ಈ ವೃತ್ತಿಯ ತಿರುಳು.

ಉಪಕರಣಗಳ ಕಲಿಕೆ ಅಷ್ಟೇನೂ ಕಷ್ಟವಲ್ಲ. ಆನ್‌ಲೈನ್ ಪಾಠಗಳನ್ನು ರಚಿಸಿ ನಡೆಸಲು ಬಳಸುವ ಮೂಡಲ್ (Moodle) ಮುಕ್ತ ತಂತ್ರಾಂಶವಾದ್ದರಿಂದ ಅದರಲ್ಲೇ ಅಭ್ಯಾಸ ಆರಂಭಿಸಬಹುದು. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಗಳಾದ ‘ಸ್ವಯಂ’ ಅಥವಾ ‘ದೀಕ್ಷಾ’ದ ಒಂದು ಪಾಠವನ್ನು ವಿದ್ಯಾರ್ಥಿಯಾಗಿಯೇ ಪೂರ್ಣಗೊಳಿಸಿ, ಗಮನ ಎಲ್ಲಿ ಜಾರಿತೆಂದು ಗುರುತಿಸಿಕೊಳ್ಳಿ. ಬಳಿಕ ಎರಡು ಮೂರು ಚಿಕ್ಕ ಪಾಠಗಳನ್ನು ಸಿದ್ಧಪಡಿಸಿ, ವಿಷಯ ಬಲ್ಲವರಿಗೆ ತೋರಿಸಿ ತಿದ್ದಿಕೊಂಡು, ಕೆಲಸಕ್ಕೆ ಅರ್ಜಿ ಹಾಕುವಾಗ ಮೂಲ ಲೇಖನವನ್ನೂ ಅದರಿಂದ ರೂಪುಗೊಂಡ ಪಾಠವನ್ನೂ ಜೊತೆಯಾಗಿ ಕಳುಹಿಸಿ.