ಗರಸು ಮಣ್ಣಲ್ಲಿ ಸುಗಂಧರಾಜ: ಮೂರನೇ ವರ್ಷಕ್ಕೆ ಕೈ ಹಿಡೀತು

"ಈ ಗರಸಲ್ಲಿ ಶೇಂಗಾ ಬಿಟ್ರೆ ಏನೂ ಬರಲ್ಲ ಕಣೋ" ಅಂತ ನಮ್ಮ ದೊಡ್ಡಪ್ಪ ಎರಡು ವರ್ಷ ಹೇಳಿದ್ದೇ ಹೇಳಿದ್ರು. ಈಗ ನಮ್ಮ ಚಳ್ಳಕೆರೆ ಬಿಸಿಲಲ್ಲೇ ಮನೆ ಮುಂದಿನ 2 ಗುಂಟೆ ಸುಗಂಧರಾಜ ಸಂಜೆ ಆರೂವರೆ ಆದ್ರೆ ಸಾಕು, ರಸ್ತೆವರೆಗೂ ಘಮ್ ಅನ್ನುತ್ತೆ, ದೊಡ್ಡಪ್ಪನೇ ಅಲ್ಲಿ ಮಂಚ ಹಾಕ್ಕೊಂಡು ಕೂರ್ತಾರೆ.

ಮೊದಲ ವರ್ಷ ಗೆಡ್ಡೆಗೇ 3 ಸಾವಿರದ ಹತ್ರ ಹೋಯ್ತು. ಬಿಸಿಲು ಜಾಸ್ತಿ ಅಂತ ದಿನಾ ಡ್ರಿಪ್ ಬಿಟ್ಟೆ, ಅರ್ಧಕ್ಕರ್ಧ ಕೊಳೆತ್ವು, ಉಳಿದವಕ್ಕೆ ಯೂರಿಯಾ ಜಾಸ್ತಿ ಆಗಿ ಬರೀ ಗರಿ, ಒಂದು ಹೂವಿನ ಕಡ್ಡಿನೂ ಬರಲಿಲ್ಲ. ಎರಡನೇ ವರ್ಷ ಕಿತ್ತ ಗೆಡ್ಡೆನ ಅದೇ ವಾರ ನೆಟ್ಬಿಟ್ಟೆ, ಅದೂ ಗೋಲಿ ಗಾತ್ರದ್ದನ್ನೂ ಬಿಡದೆ. ಕೆಲವು ಮೊಳಕೆನೇ ಒಡೀಲಿಲ್ಲ, ಬೇರು ಕಿತ್ತು ನೋಡಿದ್ರೆ ಗಂಟು ಗಂಟು, ಬೇರಿಗೆ ಬೀಳೋ ಜಂತುಹುಳು (ನೆಮಟೋಡ್). ಆ ವರ್ಷ ಕೂಲಿ, ಗೊಬ್ಬರ ಎಲ್ಲಾ ಸೇರಿ 5 ಸಾವಿರ ಮಣ್ಣುಪಾಲು, ತುಂಬಾ ಬೇಜಾರಾಗಿತ್ತು.

ಮೂರನೇ ಸಲ ಬೆಂಗಳೂರು ಹತ್ರದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಪ್ರಜ್ವಲ್' ತಳಿ ತಗೊಂಡು ಬಂದೆ, ಸುಮಾರು 2 ಸಾವಿರ ಗೆಡ್ಡೆ. ನೆರಳಲ್ಲಿ ಹರಡಿ ಒಂದೂವರೆ ತಿಂಗಳು ಮಲಗಿಸಿ, ನೆಲ್ಲಿಕಾಯಿ ಗಾತ್ರದವನ್ನ ಮಾತ್ರ ಯುಗಾದಿ ಆದ್ಮೇಲೆ ನೆಟ್ಟೆ. ನೆಡೋ ಮುಂಚೆ ಒಂದು ರಾತ್ರಿ ಯಾವುದರಲ್ಲಿ ನೆನೆಸಿದೆ ಅನ್ನೋದು ನನ್ನ ಹತ್ರನೇ ಇರ್ಲಿ. ಜಂತುಹುಳು ಕಾಟಕ್ಕೆ ಅಂತ ಸಾಲಿನ ಮಧ್ಯ ಚೆಂಡುಹೂ, ಮೇಲೆ ಎರಡು ಇಂಚು ಶೇಂಗಾ ಹೊಟ್ಟು, ನೀರು 5-6 ದಿನಕ್ಕೊಂದ್ಸಲ ಅಷ್ಟೇ, ಬೆರಳು ಹಾಕಿದ್ರೆ ಒಳಗೆ ಒಣಗಿರಬೇಕು, ಆಮೇಲೇ ವಾಲ್ವ್ ತಿರುಗಿಸೋದು. ಹೊಟ್ಟಿಗೆ ಗೆದ್ದಲು ಬಂತು, ಬೇವಿನ ಹಿಂಡಿ ಹಾಕಿದ್ಮೇಲೆ ಕಮ್ಮಿ ಆಯ್ತು.

ಶ್ರಾವಣಕ್ಕೆ ಮೊದಲ ಕಡ್ಡಿ! ತುದಿ ತಿಳಿಗುಲಾಬಿ ಮೊಗ್ಗು, ಅರಳಿದ್ರೆ ಅಚ್ಚ ಬಿಳಿ. ಜೋರಿದ್ದಾಗ ದಿನಕ್ಕೆ ಒಂದೂವರೆ ಎರಡು ಕೆಜಿ, ಬೆಳಗಿನ ಜಾವ ಟಾರ್ಚ್ ಹಿಡ್ಕೊಂಡು ಬಿಡಿಸ್ಬೇಕು. ಹಬ್ಬದಲ್ಲಿ ಕೆಜಿಗೆ 150 ದಾಟಿತ್ತು, ಮುಂದಿನ ಆಷಾಢದಲ್ಲಿ ಮದುವೆ ಇಲ್ದೆ 30ಕ್ಕೆ ಇಳೀತು, ಆದ್ರೂ ಹಾಕಿದ ದುಡ್ಡು ಅಷ್ಟರಲ್ಲೇ ವಾಪಸ್ ಬಂದಿತ್ತು.

ಒಂದು ಮಡಿ 'ಸುವಾಸಿನಿ' ಅನ್ನೋ ಸುಗಂಧರಾಜದ ತಳಿನೂ ಹಾಕಿದ್ದೆ, ಸುತ್ತು ಸುತ್ತು ದಳ, ನೋಡೋಕೆ ಚೆಂದ, ಘಮ ಮಾತ್ರ ಪ್ರಜ್ವಲ್‌ದೇ. ಗೋಡೆ ಪಕ್ಕದ ಸಂಜೆಮಲ್ಲಿಗೆಗೆ ನೀರೇ ಕೊಡಲಿಲ್ಲ, ಬೇಸಿಗೇಲಿ ಪೂರ್ತಿ ಒಣಗಿ ಹೋಯ್ತು ಅನ್ಕೊಂಡ್ರೆ ಮೊದಲ ಮಳೆಗೆ ಗೆಡ್ಡೆಯಿಂದ ಮತ್ತೆ ಚಿಗುರಿತು, ಹಳದಿ ಗಿಡದಲ್ಲೇ ಗುಲಾಬಿ ಚುಕ್ಕೆ ಹೂ. ರಾತ್ರಿರಾಣಿ ಎಲೆ ಉದುರಿಸ್ಕೊಂಡು ನಿಂತಿದೆ, ಈ ಸಲ ಅದನ್ನ ಬಚ್ಚಲು ನೀರು ಹೋಗೋ ಕಡೆ ನೆಡ್ತೀನಿ.