ಎಡ ಜೇಬಿನ ಹುಣಸೆ ಬೀಜ: ಮಗುವನ್ನು ಗಾಲ್ಫಿಗೆ ಹಾಕುವವರಿಗೆ

ಶನಿವಾರ ಬೆಳಿಗ್ಗೆ ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ದಿನ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಕೊಡುವ ಮುಂಚೆ ಹನ್ನೆರಡು ಹುಣಸೆ ಬೀಜ ಕೊಡುತ್ತೇನೆ. ಎಡ ಜೇಬಿಗೆ ಹಾಕಿಕೊಳ್ಳಬೇಕು. ಒಂದು ಹೊಡೆತಕ್ಕೆ ಒಂದು ಬೀಜ ಬಲ ಜೇಬಿಗೆ. ಬೀಸಿದ ಕ್ಲಬ್ಬು ಚೆಂಡಿಗೆ ತಾಗದೆ ಹೋದರೂ ಒಂದು. ದಂಡ, ಅಂದರೆ ತಪ್ಪಿಗೆ ಲೆಕ್ಕಕ್ಕೆ ಸೇರಿಸುವ ಹೊಡೆತ, ಬಿದ್ದರೆ ಅದಕ್ಕೂ ಒಂದು. ಚೆಂಡು ಗುಳಿಗೆ ಬಿದ್ದ ಮೇಲೆ ಬಲ ಜೇಬು ಎಣಿಸಿ, ಕಾರ್ಡಿಗೆ ಬರೆದು, ಬೀಜವನ್ನೆಲ್ಲ ಮತ್ತೆ ಎಡಕ್ಕೆ. ಎಣಿಸೋ ಕ್ಲಿಕ್ಕರ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದು ಕೈಗೆ ಸಿಕ್ಕರೆ ಮಕ್ಕಳು ಇಡೀ ದಿನ ಟಿಕ್ ಟಿಕ್ ಅಂತ ಒತ್ತುತ್ತಲೇ ಇರುತ್ತವೆ.

"ಸ್ವಿಂಗ್ ಯಾವಾಗ ಹೇಳಿಕೊಡ್ತೀರಿ ಸರ್?" ಅಂತ ಅಪ್ಪಂದಿರು ಕೇಳುತ್ತಾರೆ. ಕ್ಲಬ್ ಬೀಸುವುದನ್ನು ಹೇಳಿಕೊಡೋಣ, ಅದೇನು ಓಡಿಹೋಗುವುದಿಲ್ಲ. ಕ್ರಿಕೆಟ್ಟಿನಲ್ಲಿ ಬ್ಯಾಟಿಗೆ ತಾಗಿದ್ದು ಗೊತ್ತಿದ್ದರೂ ಅಂಪೈರ್ ಬೆರಳೆತ್ತುವವರೆಗೆ ನಿಂತಿರಬಹುದು. ಇಲ್ಲಿ ಪೊದೆಯ ಹಿಂದೆ ನೀನು, ನಿನ್ನ ಚೆಂಡು, ಅಷ್ಟೇ.

ನನಗೆ ಇದು ಅರ್ಥವಾಗಿದ್ದು ಹದಿಮೂರನೇ ವಯಸ್ಸಿನಲ್ಲಿ, ಕ್ಯಾಡಿಯಾಗಿ ಸಾಹೇಬರೊಬ್ಬರ ಕ್ಲಬ್ಬುಗಳ ಬ್ಯಾಗ್ ಹೊರುವಾಗ. ಅವರ ಚೆಂಡು ಮರದ ಬೇರಿಗೆ ಒತ್ತಿಕೊಂಡು ಕೂತಿತ್ತು. ಅವರಿನ್ನೂ ಐವತ್ತು ಹೆಜ್ಜೆ ಹಿಂದೆ. ಚಪ್ಪಲಿಯ ತುದಿಯಿಂದ ಒಂದು ಗೇಣು ಈಚೆ ತಳ್ಳಿದೆ. ಜಾಸ್ತಿ ಟಿಪ್ಸ್ ಸಿಗುತ್ತದೆ ಅನ್ನುವ ಲೆಕ್ಕ ನನ್ನದು. ಸಾಹೇಬರು ಬಂದು ಚೆಂಡು ನೋಡಿದರು, ಹುಲ್ಲು ನೋಡಿದರು, ನನ್ನ ಕಾಲು ನೋಡಿದರು. ಬಗ್ಗಿ ಚೆಂಡನ್ನು ವಾಪಸ್ ಬೇರಿನ ಪಕ್ಕ ಇಟ್ಟರು. ಕ್ಯಾಡಿ ಬೇಕಂತಲೇ ಚೆಂಡು ಸರಿಸಿದರೆ ದಂಡ ಆಟಗಾರನಿಗೆ. ಕಾರ್ಡಿನಲ್ಲಿ ಒಂದು ಹೊಡೆತ ಸೇರಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. ಸಂಜೆ ಟಿಪ್ಸ್ ಎಂದಿನಷ್ಟೇ ಕೊಟ್ಟರು, ಅದು ಇನ್ನೂ ಕಷ್ಟವಾಯಿತು.

ಮಕ್ಕಳಿಗೆ ಇದರ ಜೊತೆಗೆ ಅಮೆರಿಕದ ಹಳೇ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಕಥೆಯನ್ನೂ ಹೇಳುತ್ತೇನೆ. 1925ರ ಯು.ಎಸ್. ಓಪನ್. ಹೊಡೆಯಲು ನಿಂತಾಗ ಉದ್ದ ಹುಲ್ಲಿನಲ್ಲಿ ಚೆಂಡು ಚೂರು ಅಲುಗಿತು. ಬೇರೆ ಯಾರೂ ನೋಡಿರಲಿಲ್ಲ. ತಾನೇ ಹೇಳಿ ಒಂದು ದಂಡ ಹಾಕಿಕೊಂಡ. ಕೊನೆಗೆ ಇನ್ನೊಬ್ಬನ ಜೊತೆ ಸಮವಾಗಿ, ಪ್ಲೇಆಫ್‌ನಲ್ಲಿ ಸೋತ. ಒಂಬತ್ತು ವರ್ಷದ ಹುಡುಗನೊಬ್ಬ ಕೇಳಿ, "ಹಾಗಾದ್ರೆ ಅವನು ಪೆದ್ದ ಅಲ್ವಾ?" ಅಂದ. ಮಗು ಹೀಗೆ ಕೇಳಿದಾಗ ಥಟ್ಟನೆ ಉತ್ತರ ಕೊಡಲು ಹೋಗಬೇಡಿ. ನಾನೂ ಕೊಡಲಿಲ್ಲ. ನಾಲ್ಕು ವಾರ ಆಡಲಿ.

ಇನ್ನು ಸಾಮಾನಿನ ವಿಷಯ. ನಿಯಮದ ಪ್ರಕಾರ 14 ಕ್ಲಬ್ ಇಟ್ಟುಕೊಳ್ಳಬಹುದು. ಮಗುವಿಗೆ ನಾಲ್ಕು ಧಾರಾಳ: ಗುಳಿಯ ಹತ್ತಿರ ಮೆಲ್ಲಗೆ ತಳ್ಳಲು ಪಟರ್, ಚೆಂಡನ್ನು ಎತ್ತಿ ಹೊಡೆಯಲು ವೆಜ್, ಮಧ್ಯಮ ದೂರಕ್ಕೆ ಒಂದು ಏಳನೇ ನಂಬರ್ ಐರನ್, ಜಾಸ್ತಿ ದೂರಕ್ಕೆ ಒಂದು ಮರದ್ದು. ಮರದ್ದು ಅನ್ನುವುದು ಹೆಸರಿಗೆ, ಈಗ ಎಲ್ಲ ಲೋಹವೇ. ಅಪ್ಪನ ಹಳೇ ಕ್ಲಬ್ಬನ್ನು ಗರಗಸದಲ್ಲಿ ಕುಯ್ದು ಕೊಡಬೇಡಿ. ಉದ್ದ ಕಮ್ಮಿಯಾಗುತ್ತದೆ, ತಲೆಯ ಭಾರ ಹಾಗೇ ಉಳಿಯುತ್ತದೆ. ಮಗು ಮೈಯೆಲ್ಲ ತಿರುಚಿ ಬೀಸುವುದನ್ನು ಕಲಿತುಬಿಡುತ್ತದೆ. ಆಟ ಶುರು ಮಾಡುವುದು ಗುಳಿಯ ಬಾಯಿಂದ. 108 ಮಿಲಿಮೀಟರ್ ಅಗಲದ ಗುಳಿ. ಒಂದು ಅಡಿ ದೂರದಿಂದ ಹತ್ತಕ್ಕೆ ಹತ್ತೂ ಬೀಳಿಸಿದ ಮೇಲೆ ಎರಡಡಿ. ದೂರ ಹೊಡೆಯುವ ಹುಚ್ಚು ತಾನಾಗಿಯೇ ಬರುತ್ತದೆ, ಅದಕ್ಕೆ ನನ್ನ ಸಹಾಯ ಬೇಕಿಲ್ಲ.

ಕಳೆದ ಚೆಂಡು ಹುಡುಕುವುದು ಒಂದು ದೊಡ್ಡ ಪಾಠ. ಅದನ್ನು ಹಾಳು ಮಾಡುವವರು ನೀವೇ. ಚೆಂಡು ಲಂಟಾನದೊಳಗೆ ಹೋದ ಕೂಡಲೇ ಅಪ್ಪ ಓಡುತ್ತಾರೆ, ಅಮ್ಮ ಛತ್ರಿಯಿಂದ ಪೊದೆ ಸರಿಸುತ್ತಾರೆ. ಬೇಡ. ವಾಚು ಮಗುವಿನ ಕೈಗೆ ಕೊಡಿ. 2019ರಿಂದ ಹುಡುಕಲು ಮೂರೇ ನಿಮಿಷ, ಮೊದಲು ಐದಿತ್ತು. ಮೂರು ನಿಮಿಷ ಮುಗಿಯಿತೋ, ಹೊಡೆದ ಜಾಗಕ್ಕೇ ವಾಪಸ್ ನಡೆದು ಒಂದು ದಂಡದೊಂದಿಗೆ ಮತ್ತೆ ಹೊಡೆಯಬೇಕು. ಆ ವಾಪಸ್ ನಡಿಗೆಯಲ್ಲಿ ಮಗು ಅಳುತ್ತದೆ. ಜೊತೆಗೆ ನಡೆಯಿರಿ, ಮಾತಾಡಬೇಡಿ. ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದ, ಹತ್ತಿರ ಬರುವ ಹೊತ್ತಿಗೆ ಎಷ್ಟೋ ಸಲ ಅಳು ನಿಂತಿರುತ್ತದೆ. ಬಂಕರ್ ಅನ್ನುವ ಮರಳುಗುಂಡಿಯಲ್ಲಿ ಬಿದ್ದ ತನ್ನ ಹೆಜ್ಜೆಯನ್ನು ಕುಂಟೆ ಎಳೆದು ಅಳಿಸುವುದು, ಕಿತ್ತುಬಂದ ಹುಲ್ಲಿನ ತುಂಡನ್ನು ವಾಪಸ್ ಕೂರಿಸುವುದು ಕೂಡ ಮಗುವಿನದೇ ಕೆಲಸ, ಕ್ಯಾಡಿಯದ್ದಲ್ಲ. ಇದನ್ನು ಮಾಜಿ ಕ್ಯಾಡಿಯಾಗಿ ಹೇಳುತ್ತಿದ್ದೇನೆ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಒಂದೇ ಒಂದು ಹೊಡೆತ ಜಾಸ್ತಿಯಾಗಿ ಕಂಚು ತಪ್ಪಿತು. ಬ್ಯಾಗ್ ಹೊತ್ತಿದ್ದು ಅವರ ಅಮ್ಮ. 2016ರಲ್ಲಿ ರಿಯೋದಲ್ಲಿ ಅಪ್ಪ ಹೊತ್ತಿದ್ದರು. ಟಿವಿಯಲ್ಲಿ ನಾನು ನೋಡಿದ್ದು ಆ ತಾಯಿಯನ್ನೇ. ಬ್ಯಾಗ್ ಇಳಿಸುತ್ತಿದ್ದರು, ಪಕ್ಕಕ್ಕೆ ಸರಿಯುತ್ತಿದ್ದರು. ಪಕ್ಕಕ್ಕೆ ಸರಿಯುವುದನ್ನು ಅಭ್ಯಾಸ ಮಾಡಿ, ಸ್ವಿಂಗಿಗಿಂತ ಕಷ್ಟ ಅದು.

ಸ್ಪರ್ಧೆಯಲ್ಲಿ ಕಾರ್ಡಿಗೆ ಸಹಿ ಹಾಕುವ ಗಳಿಗೆ ಎಲ್ಲಕ್ಕಿಂತ ಗಂಭೀರ. ಯಾವುದೇ ಗುಳಿಗೆ ನಿಜಕ್ಕಿಂತ ಕಮ್ಮಿ ಬರೆದು ಸಹಿ ಹಾಕಿ ಕೊಟ್ಟರೆ ಅನರ್ಹ. ಅದಕ್ಕೇ ನನ್ನ ಮಕ್ಕಳ ಕೈಲಿ ಅಭ್ಯಾಸದ ದಿನವೂ ಸಹಿ ಹಾಕಿಸುತ್ತೇನೆ.

ಕಳೆದ ತಿಂಗಳು ಹತ್ತು ವರ್ಷದ ಹುಡುಗಿಯೊಬ್ಬಳು ಒಂಬತ್ತನೇ ಗುಳಿ ಮುಗಿಸಿ ಬೀಜ ಎಣಿಸಿದಳು. ಬಲದಲ್ಲಿ ಐದು, ಎಡದಲ್ಲಿ ನಾಲ್ಕು. ಒಟ್ಟು ಒಂಬತ್ತೇ. ಬಲ ಜೇಬಿನೊಳಗೆ ಬೆರಳು ಹಾಕಿದಳು, ಬೆರಳು ಆಚೆ ಬಂತು. "ಐದು ಅಂತ ಬರಿ ಪುಟ್ಟಾ, ಜೇಬಲ್ಲಿ ಐದೇ ತಾನೇ ಇರೋದು," ಅಂದರು ಅವಳಪ್ಪ, ನಗುತ್ತಾ. ಅವಳು ನಗಲಿಲ್ಲ. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಹೊಡೆತಗಳನ್ನು ಒಂದೊಂದಾಗಿ ಒಪ್ಪಿಸಿದಳು: ಟೀಯಿಂದ ಒಂದು, ಹೊಂಗೆ ಮರದ ಕೆಳಗೆ ಎರಡು, ಮರಳಲ್ಲಿ ಒಂದು... ಒಂಬತ್ತನೆಯದಕ್ಕೆ ಏಳಾಯಿತು. ಅಂದರೆ ಕಳೆದ ಮೂರರಲ್ಲಿ ಎರಡು ಇಲ್ಲಿ ಬಿದ್ದಿವೆ. ಇನ್ನೊಂದು? ಮತ್ತೆ ಕಣ್ಣು ಮುಚ್ಚಿದಳು. ಎಂಟನೆಯದರಲ್ಲಿ ನಾಲ್ಕು ಅಂತ ಬರೆದಿದ್ದನ್ನು ಹೊಡೆದುಹಾಕಿ ಐದು ಮಾಡಿದಳು. ಆಮೇಲೆ ಸಹಿ.

ಮುಂದಿನ ಶನಿವಾರ ಬರುವಾಗ ಜೇಬಿಗೆ ಹೊಲಿಗೆ ಬಿದ್ದಿತ್ತು. ಕೆಂಪು ದಾರ, ಅಡ್ಡಾದಿಡ್ಡಿ. ಅಪ್ಪ ಹೊಲಿದಿದ್ದಂತೆ.